ಕಾಯಲು ಕಲಿಸುವುದು: ಕ್ರಾಸ್‌ಕಂಟ್ರಿಯಲ್ಲಿ ಬಿಸಿಯೇರುವ ಕುದುರೆಯ ತರಬೇತಿ

ಪುಣೆ, ಮುಂಬಯಿಯ ಸವಾರಿ ಕ್ಲಬ್ಬುಗಳ ಲಾಯಗಳಲ್ಲಿರುವ ಕುದುರೆಗಳಲ್ಲಿ ಬಹಳಷ್ಟು ರೇಸಿನಿಂದ ಬಿಡುಗಡೆಯಾಗಿ ಬಂದ ಥರೋಬ್ರೆಡ್ ತಳಿಯವು. ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸ್ ಎಂದು ಕೆಲವು ವರ್ಷ ಓಡಿ, ಆಮೇಲೆ ಸವಾರಿ ಕಲಿಯುವವರ ಕೈಗೆ ಬಂದಂಥವು. ಇಂಥ ಕುದುರೆ ಬೇಲಿ ಹಾಕಿದ ಸವಾರಿ ಅಂಕಣದೊಳಗೆ, ಅಂದರೆ ಅರೀನಾದೊಳಗೆ, ಹಸುವಿನಷ್ಟು ಸಾಧುವಾಗಿರುತ್ತದೆ. ಕ್ರಾಸ್‌ಕಂಟ್ರಿಗೆ, ಅಂದರೆ ಬಯಲಿನಲ್ಲಿ ನೆಲಕ್ಕೆ ಬಿಗಿದ ತಡೆಗಳನ್ನು ಹಾರುತ್ತಾ ಓಡುವ ಸವಾರಿಗೆ, ಕರೆದೊಯ್ದು ಎರಡು ಮರದ ದಿಮ್ಮಿ ಹಾರಿಸಿದ್ದೇ ತಡ, ಕತ್ತು ಮೇಲೆತ್ತಿ, ಕಡಿವಾಣಕ್ಕೆ ಒರಗಿ, ಮೂರನೆಯ ಜಂಪ್ ಎಲ್ಲಿದೆ ಎಂದು ತಾನೇ ಹುಡುಕಿಕೊಂಡು ಓಡುತ್ತದೆ. 'ಘೋಡಾ ಗರಂ ಹೋ ಗಯಾ' (ಕುದುರೆ ಬಿಸಿಯೇರಿತು) ಅನ್ನುತ್ತಾರೆ ಕುದುರೆ ನೋಡಿಕೊಳ್ಳುವ ಸೈಸ್‌ಗಳು. ಸವಾರ ಲಗಾಮು ಎಳೆಯುತ್ತಾನೆ, ಕುದುರೆ ಇನ್ನೂ ಜೋರಾಗಿ ಓಡುತ್ತದೆ.

ಅದು ಹಟವಲ್ಲ, ಕಲಿತ ಪಾಠ. ರೇಸಿನಲ್ಲಿ ಜಾಕಿ ಲಗಾಮನ್ನು ಗಿಡ್ಡ ಮಾಡಿ ಬಿಗಿಯಾಗಿ ಹಿಡಿದಾಗ ಕುದುರೆ ಆ ಹಿಡಿತದ ಮೇಲೆ ಭಾರ ಹಾಕಿ ಓಡುವುದನ್ನು ರೂಢಿಸಿಕೊಂಡಿರುತ್ತದೆ. ಬಿಡದೆ ಎಳೆಯುವ ಕೈ ಅದರ ಪಾಲಿಗೆ 'ಓಡು' ಎಂಬ ಮಾತು. ಹಾಗಾಗಿ ತಡೆಯ ಎದುರಿಗೆ ಬಂದಾಗ ಕುದುರೆಯೊಡನೆ ಜಗ್ಗಾಡಿ ಗೆಲ್ಲುವ ಸವಾರ ಇಲ್ಲ. ಕೆಲಸವೆಲ್ಲ ನಡೆಯಬೇಕಾದ್ದು ಒಂದು ತಡೆಗೂ ಇನ್ನೊಂದಕ್ಕೂ ನಡುವಿನ ನೆಲದಲ್ಲಿ. ಅಲ್ಲಿ ಕಾಯಲು ಕಲಿತ ಕುದುರೆ ತಡೆಯ ಎದುರಿಗೂ ಕಾಯುತ್ತದೆ.

ಇಷ್ಟು ಮುತುವರ್ಜಿ ಏಕೆಂದರೆ ಕ್ರಾಸ್‌ಕಂಟ್ರಿಯ ತಡೆಗಳು ಬೀಳುವುದಿಲ್ಲ. ಅರೀನಾದ ಕೋಲಿಗೆ ಕಾಲು ತಗುಲಿದರೆ ಕೋಲು ಉರುಳುತ್ತದೆ. ನೆಲಕ್ಕೆ ಬಿಗಿದ ದಿಮ್ಮಿಗೆ ಮೊಣಕಾಲಿನ ಮೇಲ್ಭಾಗ ತಗುಲಿದರೆ ಕುದುರೆಯೇ ಅದರ ಮೇಲೆ ಮಗುಚಿ, ಸವಾರನ ಮೇಲೆ ಬೀಳಬಹುದು. ದೊಡ್ಡ ಸ್ಪರ್ಧೆಗಳಲ್ಲಿ ಪೆಟ್ಟು ಬಿದ್ದರೆ ಕಳಚಿಕೊಳ್ಳುವ ಪಿನ್‌ಗಳಿರುವ ತಡೆಗಳಿರುತ್ತವೆ; ತರಬೇತಿಯ ಬಯಲಿನಲ್ಲಿ ಅವು ಅಪರೂಪ. ವೇಗವೊಂದೇ ಅಪಾಯವಲ್ಲ. ಭಾರವೆಲ್ಲ ಮುಂಗಾಲಿಗೆ ಹಾಕಿ, ಬೆನ್ನು ಚಪ್ಪಟೆ ಮಾಡಿ, ತಡೆಯನ್ನು ನೋಡದೆಯೇ ಓಡಿಬರುವ ವೇಗ ಅಪಾಯ.

ಮೊದಲು: ಬಿಸಿಯೋ, ಭಯವೋ, ನೋವೋ

ಮೂರಕ್ಕೂ ಹೊರನೋಟ ಒಂದೇ, ಮದ್ದು ಬೇರೆ ಬೇರೆ. ಚೈತನ್ಯ ಹೆಚ್ಚಾದ ಕುದುರೆ ಕಿವಿಗಳನ್ನು ಮುಂದಕ್ಕೆ ಚೂಪು ಮಾಡಿ, ಬಾಲ ಎತ್ತಿ, ಸಣ್ಣದಾಗಿ ಒದೆಯುತ್ತಾ ಕುಣಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸಕ್ಕೆ ಇಳಿದುಬರುತ್ತದೆ. ಭಯಗೊಂಡ ಕುದುರೆಯ ಕಣ್ಣಿನ ಬಿಳಿ ಕಾಣುತ್ತದೆ, ತೆಳ್ಳಗಿನ ಲದ್ದಿ ಮತ್ತೆ ಮತ್ತೆ ಬೀಳುತ್ತದೆ, ಕತ್ತು ಮತ್ತು ಹಿಂಗಾಲುಗಳ ನಡುವೆ ಕೆಲಸಕ್ಕೆ ಮೀರಿದ ಬೆವರು, ನಡೆಯುವ ಬದಲು ಕುಪ್ಪಳಿಸುವುದು. ಇದು ಕೆಲಸ ಹೆಚ್ಚಿದಷ್ಟೂ ಹೆಚ್ಚುತ್ತದೆ. ನೋವಿರುವ ಕುದುರೆ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತದೆ, ತಲೆ ಒದರುತ್ತದೆ, ಹಲ್ಲು ಕಡಿಯುತ್ತದೆ, ತಡೆ ದಾಟಿ ಇಳಿದ ತಕ್ಷಣ ಓಡಲು ನೋಡುತ್ತದೆ. ಇಳಿದಾಗ ಬೆನ್ನಿಗೋ ಮುಂಗಾಲಿಗೋ ಆದ ನೋವಿನಿಂದ ತಪ್ಪಿಸಿಕೊಳ್ಳುವ ಓಟ ಅದು.

ಆದ್ದರಿಂದ ತರಬೇತಿಗೆ ಮುನ್ನ ಪಶುವೈದ್ಯರಿಂದ ನಾಲ್ಕು ವಿಷಯ ನೋಡಿಸಿ: ಹಲ್ಲಿನ ಅಂಚುಗಳು ಚೂಪಾಗಿವೆಯೇ, ಬೆನ್ನಿನಲ್ಲಿ ನೋವಿದೆಯೇ, ಮುಂಗಾಲುಗಳ ಸ್ಥಿತಿ ಹೇಗಿದೆ, ಹೊಟ್ಟೆಯಲ್ಲಿ ಹುಣ್ಣಿನ ಲಕ್ಷಣವಿದೆಯೇ. ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ಉಜ್ಜಿಸುವುದು ವರ್ಷಕ್ಕೆ ಒಮ್ಮೆಯಾದರೂ ಬೇಕು, ಎಳೆಯ ಕುದುರೆಗೆ ಆರು ತಿಂಗಳಿಗೊಮ್ಮೆ. ಹೊಟ್ಟೆಹುಣ್ಣು ರೇಸ್ ಕುದುರೆಗಳಲ್ಲಿ ಬಹಳ ಸಾಮಾನ್ಯ. ಜೀನಿನ ವಿಷಯದಲ್ಲಿ, ಬೆವರಿದ ಬೆನ್ನಿನ ಮೇಲೆ ಅಂಗೈಯಗಲ ಒಣಗಿದ ಜಾಗ ಕಂಡರೆ ಅಲ್ಲಿ ಒತ್ತಡ ಹೆಚ್ಚಿರಬಹುದು ಎಂದೇ ತಿಳಿದು ಪರೀಕ್ಷಿಸಿ. ಇಷ್ಟನ್ನು ಬಿಟ್ಟು ನೇರ ಕಡಿವಾಣ ಬದಲಿಸುವುದು ಜ್ವರ ಬಂದವನಿಗೆ ಕಂಬಳಿ ಹೊದಿಸಿ ಕೂರಿಸಿದಂತೆ.

ಲಾಯದಲ್ಲೇ ಅರ್ಧ ಕೆಲಸ

ಹುರುಳಿ ತಿನ್ನಿಸಿದರೆ ಕುದುರೆಗೆ ಕಸುವು ಬರುತ್ತದೆ ಎಂಬುದನ್ನು ನಮ್ಮ ಕಡೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ದಿನಕ್ಕೆ ಒಂದು ಗಂಟೆ ಕೆಲಸ ಮಾಡಿ 23 ಗಂಟೆ ಹನ್ನೆರಡು ಅಡಿ ಚೌಕದ ಲಾಯದಲ್ಲಿ ನಿಲ್ಲುವ ಕುದುರೆಗೆ ಆ ಕಸುವು ಹೋಗಲು ದಾರಿ ಎಲ್ಲಿ? ಜಾಗದ ಅಭಾವದ ಮುಂಬಯಿಯಲ್ಲಿ ಈ ತೊಂದರೆ ಹೆಚ್ಚು. ಬಯಲಿಗೆ ಬಿಡಲು ಪ್ಯಾಡಕ್ ಇದ್ದರೆ ದಿನಕ್ಕೆ ಎರಡು ಗಂಟೆಯಾದರೂ ಬಿಡಿ. ಇಲ್ಲದಿದ್ದರೆ ಸಂಜೆ ಸೈಸ್‌ ಕೈಯಲ್ಲಿ 40 ನಿಮಿಷ ನಡೆಸಬೇಕು, ಸಾಧ್ಯವಾದರೆ ಹುಲ್ಲು ಮೇಯಿಸುತ್ತಾ. ಈ ಒಂದೇ ಬದಲಾವಣೆಯಿಂದ ತಣ್ಣಗಾಗುವ ಕುದುರೆಗಳಿವೆ. ತರಬೇತಿಯ ತಂತ್ರಗಳನ್ನೆಲ್ಲ ಇದರ ಮೇಲೆ ಕಟ್ಟಬೇಕು, ಇದರ ಬದಲಿಗಲ್ಲ.

ಮೇವಿನ ಲೆಕ್ಕ ಹೀಗೆ. ಕುದುರೆಯ ತೂಕದ ಶೇಕಡಾ 1.5ಕ್ಕಿಂತ ಕಡಿಮೆ ಒಣಮೇವು ಎಂದೂ ಕೊಡಕೂಡದು. 450 ಕಿಲೋ ಕುದುರೆಗೆ ಅದು ದಿನಕ್ಕೆ ಹತ್ತಿರಹತ್ತಿರ 7 ಕಿಲೋ. 9 ಕಿಲೋ ಕೊಟ್ಟರೆ ಇನ್ನೂ ಒಳ್ಳೆಯದು. ಓಟ್ಸ್, ಬಾರ್ಲಿ, ಜೋಳದಂಥ ಕಾಳುಗಳನ್ನು ಒಂದು ಹೊತ್ತಿಗೆ 2 ಕಿಲೋ ಮೀರದಂತೆ ಹಂಚಿ. ಬಿಸಿ ಕುದುರೆಯ ಓಟ್ಸ್ ಕಡಿಮೆ ಮಾಡಿ, ಆ ಜಾಗಕ್ಕೆ ಕುದುರೆಮೆಂತೆ (ಲೂಸರ್ನ್ ಮೇವು) ಮತ್ತು ಅರ್ಧ ಬಟ್ಟಲು ಎಣ್ಣೆ ಸೇರಿಸಿದರೆ ಮೈ ಇಳಿಯುವುದಿಲ್ಲ, ತಲೆಗೂ ಏರುವುದಿಲ್ಲ. ಎಣ್ಣೆಯನ್ನು ಎರಡು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿ, ಒಮ್ಮೆಲೇ ಸುರಿದರೆ ಹೊಟ್ಟೆ ಕೆಡುತ್ತದೆ. ಬೆಲ್ಲದ ಉಂಡೆ ಸೈಸ್‌ನ ಪ್ರೀತಿಯ ಗುರುತು. ಕೆಲಸದ ಮುಂಚೆ ಮಾತ್ರ ಬೇಡ. ರಜೆಯ ದಿನ ಕಾಳನ್ನು ಅರ್ಧಕ್ಕಿಳಿಸಲೇಬೇಕು. ಪೂರ್ತಿ ಕಾಳು ತಿಂದು ದಿನವಿಡೀ ನಿಂತ ಕುದುರೆಯ ಸ್ನಾಯುಗಳು ಮರುದಿನ ಕೆಲಸದಲ್ಲಿ ಕಲ್ಲಿನಂತೆ ಬಿಗಿದುಕೊಂಡು ಮೂತ್ರ ಕಾಫಿ ಬಣ್ಣಕ್ಕೆ ತಿರುಗುವುದುಂಟು.

ಕ್ರಾಸ್‌ಕಂಟ್ರಿಗೆ ಹೋಗುವ ದಿನ ಕಾಳು ತಿಂದು ನಾಲ್ಕು ಗಂಟೆಯಾಗಿರಲಿ. ಆದರೆ ಖಾಲಿ ಹೊಟ್ಟೆಯೂ ಬೇಡ. ಜೀನು ಹಾಕುವ ಅರ್ಧ ಗಂಟೆ ಮೊದಲು ಎರಡು ಹಿಡಿ ಕುದುರೆಮೆಂತೆ ತಿಂದಿದ್ದರೆ, ಓಡುವಾಗ ಹೊಟ್ಟೆಯ ಆಮ್ಲ ಮೇಲಕ್ಕೆ ಚಿಮ್ಮಿ ಉರಿಯುವುದು ಕಡಿಮೆಯಾಗುತ್ತದೆ.

ಶಾಂತಗೊಳಿಸುವ ಔಷಧಿಗಳ ಬಗ್ಗೆ ಒಂದು ಮಾತು. ಮಂಪರು ತರಿಸುವ ಚುಚ್ಚುಮದ್ದು ಕೊಟ್ಟು ಜಂಪ್ ಮಾಡಿಸುವುದನ್ನು ಯಾರು ಹೇಳಿದರೂ ಒಪ್ಪಬೇಡಿ. ಕಾಲಿನ ಅಂದಾಜು ತಪ್ಪುವ ಕುದುರೆಯನ್ನು ಬೀಳದ ತಡೆಗೆ ಒಯ್ಯುವುದು ಪ್ರಾಣಕ್ಕೆ ಕುತ್ತು. ಸ್ಪರ್ಧೆಯಲ್ಲಂತೂ ಅಂಥ ಔಷಧಿಗಳು ನಿಷಿದ್ಧ.

ಸಜ್ಜು

ಬಾಯಿಗೆ ಮೊದಲು ಸರಳ ಸ್ನಾಫಲ್, ಅಂದರೆ ಲಗಾಮಿನ ಎಳೆತ ನೇರವಾಗಿ ಬಾಯಿಗೆ ಮುಟ್ಟುವ ಮೆದು ಕಡಿವಾಣ. ಅದರಲ್ಲಿ ಅರೀನಾದಲ್ಲಿ ನಿಲ್ಲದ ಕುದುರೆ ಬಯಲಿನಲ್ಲಿ ಯಾವ ಕಡಿವಾಣದಲ್ಲೂ ನಿಲ್ಲುವುದಿಲ್ಲ. ಅರೀನಾದಲ್ಲಿ ನಿಂತು ಬಯಲಿನಲ್ಲಿ ಮಾತ್ರ ಭಾರ ಹಾಕುವ ಕುದುರೆಗೆ ಕಿಂಬಲ್‌ವಿಕ್ ಅಥವಾ ಮೂರು ಉಂಗುರದ ಗ್ಯಾಗ್ ಎಂಬ ಇನ್ನಷ್ಟು ಬಿಗಿಯಾದ ಕಡಿವಾಣ ಹಾಕಿ ನೋಡಬಹುದು. ಗ್ಯಾಗ್‌ಗೆ ಎರಡು ಲಗಾಮು ಕಟ್ಟಿ. ದೊಡ್ಡ ಉಂಗುರದ ಲಗಾಮಿನಲ್ಲಿ ಸವಾರಿ, ಕೆಳಗಿನದು ಬೇಕಾದಾಗ ಮಾತ್ರ. ಒಂದೇ ಲಗಾಮನ್ನು ತೀರ ಕೆಳಗಿನ ಉಂಗುರಕ್ಕೆ ಕಟ್ಟಿ ಇಡೀ ಹೊತ್ತು ಎಳೆದರೆ ಕುದುರೆ ತಲೆ ಮೇಲೆತ್ತಿ ಬೆನ್ನು ಗಟ್ಟಿ ಮಾಡುತ್ತದೆ, ತಡೆ ಅದರ ಕಣ್ಣಿನಿಂದ ಮರೆಯಾಗುತ್ತದೆ.

ರನ್ನಿಂಗ್ ಮಾರ್ಟಿಂಗೇಲ್ (ತಲೆ ತೀರ ಮೇಲೆತ್ತದಂತೆ ಎದೆಯಿಂದ ಲಗಾಮಿಗೆ ಬರುವ ಪಟ್ಟಿ) ಹಾಕುವುದಾದರೆ ಅದರ ಉಂಗುರಗಳನ್ನು ಹಿಡಿದೆತ್ತಿದಾಗ ಗಂಟಲಿನ ಮಟ್ಟಕ್ಕೆ ಮುಟ್ಟುವಷ್ಟು ಸಡಿಲವಿರಲಿ. ಲಗಾಮಿನಲ್ಲಿ ರಬ್ಬರ್ ಅಥವಾ ಚರ್ಮದ ತಡೆಗುಂಡಿ ಇರಲೇಬೇಕು, ಇಲ್ಲದಿದ್ದರೆ ಉಂಗುರ ಕಡಿವಾಣದ ಕೊಂಡಿಗೆ ಸಿಕ್ಕಿಹಾಕಿಕೊಂಡು ಕುದುರೆ ಗಾಬರಿಯಾಗುತ್ತದೆ. ಮೂಗುಪಟ್ಟಿ ಮತ್ತು ಮೂಗಿನ ಮೂಳೆಯ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಕುದುರೆಯ ಕೊರಳಿಗೆ ಹಳೆಯ ರಿಕಾಬಿನ ಪಟ್ಟಿಯೊಂದನ್ನು ಕಟ್ಟಿ: ಕುದುರೆ ದೊಡ್ಡದಾಗಿ ಹಾರಿದಾಗ ಅದನ್ನು ಹಿಡಿದರೆ ಬಾಯಿಗೆ ಪೆಟ್ಟು ಬೀಳುವುದಿಲ್ಲ. ಬಾಯಿಗೆ ಒಮ್ಮೆ ಬಿದ್ದ ಪೆಟ್ಟನ್ನು ಬಿಸಿ ಕುದುರೆ ಹತ್ತು ತಡೆಗಳವರೆಗೆ ನೆನಪಿಡುತ್ತದೆ.

ಕುದುರೆಯ ನಾಲ್ಕೂ ಕಾಲಿಗೆ ಕ್ರಾಸ್‌ಕಂಟ್ರಿ ಬೂಟು, ಮುಂದೆ ಹಿಂಗೊರಸಿನ ಪೆಟ್ಟು ತಡೆಯುವ ಓವರ್‌ರೀಚ್ ಬೂಟು. ಸವಾರನಿಗೆ ಹೆಲ್ಮೆಟ್, ಬಾಡಿ ಪ್ರೊಟೆಕ್ಟರ್, ಜಾರದ ಕೈಗವಸು. ರಿಕಾಬು ಡ್ರೆಸ್ಸಾಜ್‌ಗಿಂತ (ಅರೀನಾದೊಳಗೆ ನಡೆಯ ಶಿಸ್ತು ತೋರುವ ಸವಾರಿ) ನಾಲ್ಕೈದು ತೂತು ಗಿಡ್ಡ. ಬಿದ್ದು ಪೆಟ್ಟಾದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ.

ಅರೀನಾದಲ್ಲಿ ಮೂರು ವಾರ

ಇವೆಂಟಿಂಗ್‌ನಲ್ಲಿ ಡ್ರೆಸ್ಸಾಜ್, ಕ್ರಾಸ್‌ಕಂಟ್ರಿ, ಶೋಜಂಪಿಂಗ್ (ಅರೀನಾದಲ್ಲಿ ಬೀಳುವ ಕೋಲುಗಳ ಮೇಲಿನ ಜಿಗಿತ) ಮೂರನ್ನೂ ಒಂದೇ ಕುದುರೆ ಮಾಡಬೇಕು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದದ್ದು ಈ ಮೂರರ ಒಟ್ಟು ಅಂಕದಲ್ಲೇ. ಬಯಲಿನಲ್ಲಿ ಓಡಬೇಕಾದ ಕುದುರೆ ಬಿಳಿ ಗೆರೆಯೊಳಗೆ ಉಸಿರು ಬಿಟ್ಟು ನಡೆಯುವುದನ್ನೂ ಕಲಿಯಬೇಕು ಎಂಬುದು ಈ ಆಟದ ಕಟ್ಟಳೆಯಲ್ಲೇ ಇದೆ.

ಮೊದಲ ವಾರ ಜಂಪ್ ಇಲ್ಲ. ವಾಕ್‌ನಿಂದ (ನಡಿಗೆ) ಟ್ರಾಟ್ (ಕುಲುಕು ಓಟ), ಟ್ರಾಟ್‌ನಿಂದ ವಾಕ್, ವಾಕ್‌ನಿಂದ ನಿಲುಗಡೆ: 20 ಮೀಟರ್ ವೃತ್ತದಲ್ಲಿ ಒಂದು ಸುತ್ತಿಗೆ ನಾಲ್ಕು ಬದಲಾವಣೆ. ಇದರ ಜೊತೆಗೆ ಹಾಫ್ ಹಾಲ್ಟ್. ಬೆನ್ನು ನೆಟ್ಟಗೆ ಮಾಡಿ, ಉಸಿರು ಹೊರಬಿಟ್ಟು, ವೃತ್ತದ ಹೊರಬದಿಯ ಲಗಾಮು ಹಿಡಿದ ಮುಷ್ಟಿಯನ್ನು ಒಂದು ಕ್ಷಣ ಮುಚ್ಚಿ, ಮರುಕ್ಷಣ ಬಿಡಬೇಕು. ಬಿಡುವುದೇ ಇದರ ಮುಖ್ಯ ಭಾಗ. ಹಿಡಿದೇ ಇದ್ದರೆ ಕುದುರೆಗೆ ಒರಗಲು ಗೋಡೆ ಸಿಗುತ್ತದೆ. ಬಿಟ್ಟರೆ ಒರಗಲು ಏನೂ ಇಲ್ಲ, ತನ್ನ ಭಾರ ತಾನೇ ಹೊರಬೇಕು.

ಬಿಸಿ ಕುದುರೆಯ ಮೇಲೆ ಕೂತವರು ಹೆದರಿ ಕಾಲನ್ನು ಮೈಯಿಂದ ದೂರ ಇಡುತ್ತಾರೆ. ಆಮೇಲೆ ತಿರುವಿನಲ್ಲಿ ಅಕಸ್ಮಾತ್ ಕಾಲು ತಾಗಿದರೆ ಬಾಣದಂತೆ ಹೊರಟುಬಿಡುತ್ತದೆ. ಕಾಲು ಮೈಗೆ ಒದ್ದೆ ಟವೆಲ್ಲಿನಂತೆ ಅಂಟಿಕೊಂಡಿರಲಿ, ಮೊದಲ ದಿನದಿಂದಲೇ. ಕಾಲಿನ ಸ್ಪರ್ಶ ಅಂದರೆ ಓಟವೊಂದೇ ಅಲ್ಲ ಎಂದು ಅರ್ಥವಾಗಲು ಪಕ್ಕಕ್ಕೆ ಹೆಜ್ಜೆ ಹಾಕಿಸುವ ಲೆಗ್ ಯೀಲ್ಡ್ ಒಳ್ಳೆಯ ಅಭ್ಯಾಸ.

ಎರಡನೆಯ ವಾರ ನೆಲದ ಕೋಲುಗಳು. ಎರಡು ಕೋಲುಗಳನ್ನು 18 ಮೀಟರ್ ಅಂತರದಲ್ಲಿ ಇಡಿ. ಸಾಧಾರಣ ಕ್ಯಾಂಟರ್‌ನಲ್ಲಿ (ಟ್ರಾಟ್‌ಗಿಂತ ಜೋರಾದ ನೆಗೆತದ ಓಟ) ಅದು ನಾಲ್ಕು ಹೆಜ್ಜೆ. ನಾಲ್ಕರಲ್ಲಿ ನೆಮ್ಮದಿಯಾಗಿ ಬಂದ ಮೇಲೆ ಐದು ಹಾಕಿಸಿ, ಮತ್ತೆ ನಾಲ್ಕು. ಗಟ್ಟಿಯಾಗಿ 'ಒಂದು, ಎರಡು' ಎಂದು ಎಣಿಸಿ. ಎಣಿಸುವಾಗ ಸವಾರ ಉಸಿರು ಕಟ್ಟಲಾರ, ಸವಾರನ ಉಸಿರು ಬಿಗಿಹಿಡಿದಿದ್ದರೆ ಕೆಳಗಿನ ಪ್ರಾಣಿಗೆ ಅದು ಆ ಕ್ಷಣವೇ ಗೊತ್ತಾಗುತ್ತದೆ. ಐದು ಹೆಜ್ಜೆ ಬರದೆ ಕುದುರೆ ನಾಲ್ಕರಲ್ಲೇ ನುಗ್ಗಿದರೆ ಎರಡನೆಯ ಕೋಲಿನ ನಂತರ ವಾಕ್‌ಗೆ ತನ್ನಿ, ಬೈಯದೆ ಮತ್ತೆ ಶುರು ಮಾಡಿ.

ಮೂರನೆಯ ವಾರ ಗ್ರಿಡ್. ಟ್ರಾಟ್‌ನಲ್ಲಿ ಬರುವಂತೆ ನೆಲದ ಕೋಲು; ಅಲ್ಲಿಂದ 2.7 ಮೀಟರ್‌ಗೆ 50 ಸೆಂಟಿಮೀಟರ್ ಎತ್ತರದ ಕತ್ತರಿ ಕೋಲು; ಅಲ್ಲಿಂದ 5.5 ಮೀಟರ್‌ಗೆ 60 ಸೆಂಟಿಮೀಟರ್ ನೇರ ತಡೆ, ಅಲ್ಲಿಂದ 6.4 ಮೀಟರ್‌ಗೆ 70 ಸೆಂಟಿಮೀಟರ್ ಆಕ್ಸರ್ (ಎರಡು ಸಾಲು ಕೋಲಿನ ಅಗಲ ತಡೆ). ಅದರಾಚೆ 3 ಮೀಟರ್‌ಗೆ ಇನ್ನೊಂದು ನೆಲದ ಕೋಲು. ಒಂದೊಂದನ್ನೇ ಸೇರಿಸುತ್ತಾ ಹೋಗಿ, ಮೊದಲ ದಿನವೇ ಪೂರ್ತಿ ಸಾಲು ಕಟ್ಟಬೇಡಿ. ಕೊನೆಯ ಕೋಲಿನ ಗುಣ ದೊಡ್ಡದು: ಇಳಿದ ಕೂಡಲೇ ಓಡುವ ಕುದುರೆ ಅದನ್ನು ನೋಡಲು ತಲೆ ತಗ್ಗಿಸುತ್ತದೆ, ತಲೆ ತಗ್ಗಿದಾಗ ಬೆನ್ನು ಸಡಿಲವಾಗುತ್ತದೆ. ಕುದುರೆ ನುಗ್ಗಿ ಬಂದು ಅಂತರ ಇಕ್ಕಟ್ಟಾಯಿತೆಂದು ಅಂತರ ಹೆಚ್ಚಿಸುವುದು ಎಲ್ಲರೂ ಮಾಡುವ ತಪ್ಪು. ಅದರಿಂದ ನುಗ್ಗುವುದಕ್ಕೆ ಜಾಗ ಕೊಟ್ಟಂತಾಗುತ್ತದೆ. ಎತ್ತರ ಇಳಿಸಿ, ಅಂತರ ಹಾಗೆಯೇ ಇರಲಿ.

ಲಂಜಿಂಗ್, ಅಂದರೆ ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸುವುದು, ಬೇಕೇ? ಬೆನ್ನು ಸಡಿಲವಾಗಲು ಹತ್ತು ಹದಿನೈದು ನಿಮಿಷ, ಎರಡೂ ದಿಕ್ಕಿಗೆ, ಸಾಕು. ಮುಕ್ಕಾಲು ಗಂಟೆ ಸುತ್ತಿಸಿ ಸುಸ್ತು ಮಾಡುವ ಪದ್ಧತಿಯಿಂದ ಎರಡು ಕೇಡು: ಸಣ್ಣ ವೃತ್ತದಲ್ಲಿ ಕೀಲು, ಸ್ನಾಯುರಜ್ಜುಗಳು ಸವೆಯುತ್ತವೆ, ಮತ್ತು ತಿಂಗಳೊಳಗೆ ಕುದುರೆಯ ದಮ್ಮು ಹೆಚ್ಚಿ ಅದಕ್ಕೆ ಒಂದು ಗಂಟೆ ಬೇಕಾಗುತ್ತದೆ.

ಮೊದಲ ಬಾರಿ ಬಯಲಿಗೆ

ಕಾಲ ಮತ್ತು ನೆಲ ನೋಡಿ ಹೊರಡಿ. ಪುಣೆಯ ಸುತ್ತಲಿನ ಎರೆಮಣ್ಣು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಬೂನಿನಂತೆ ಜಾರುತ್ತದೆ. ಬೇಸಿಗೆ ಹತ್ತಿರವಾದಂತೆ ಬಿರಿದು ಇಟ್ಟಿಗೆಯಾಗುತ್ತದೆ. ಅಕ್ಟೋಬರ್ ನಡುವಿನಿಂದ ಜನವರಿವರೆಗೆ ಕೈಗೆ ಸಿಗುವ ನೆಲ ಚಿನ್ನ. ಇಬ್ಬನಿ ಹೆಚ್ಚಿದ್ದರೆ ಹುಲ್ಲು ಒಣಗಲಿ, ಏಳೂವರೆ ಎಂಟಕ್ಕೆ ಶುರುಮಾಡಿ. ಗಣೇಶೋತ್ಸವಕ್ಕೆ ವಾರಗಳ ಮೊದಲೇ ಸಂಜೆ ಹೊತ್ತು ಢೋಲ್-ತಾಶಾ ಪಥಕಗಳ ಅಭ್ಯಾಸ ನಡೆಯುತ್ತದೆ. ಪುಣೆಯ ಲೋಹೆಗಾಂವ್ ಸುತ್ತ ವಾಯುಪಡೆಯ ವಿಮಾನಗಳ ಸದ್ದು. ಇಂಥ ಸದ್ದಿರುವ ಹೊತ್ತನ್ನು ಮೊದಲ ಪಾಠಗಳಿಗೆ ಆರಿಸಬೇಡಿ.

ಮೊದಲ ಭೇಟಿಯಲ್ಲಿ ಒಂದೂ ತಡೆ ಹಾರಿಸದೆ ವಾಪಸು ಬನ್ನಿ. ಇದು ಸಮಯ ಹಾಳಲ್ಲ. ಲಾರಿ ಹತ್ತಿದರೆ, ಬಯಲು ಕಂಡರೆ ಓಟ ಎಂಬ ಸರಪಳಿ ಕುದುರೆಯ ತಲೆಯಲ್ಲಿದೆ. ಅದರ ಒಂದು ಕೊಂಡಿ ಕಳಚಬೇಕು. ಶಾಂತ ಸ್ವಭಾವದ ಹಿರಿಯ ಕುದುರೆಯೊಂದರ ಜೊತೆ 40 ನಿಮಿಷ ವಾಕ್‌ನಲ್ಲಿ ಇಡೀ ಬಯಲು ಸುತ್ತಿ. ದಿಮ್ಮಿಯ ಪಕ್ಕ ನಿಲ್ಲಿಸಿ, ಇಳಿದು, ಎರಡು ನಿಮಿಷ ಹುಲ್ಲು ಮೇಯಿಸಿ. ನೀರಿನ ತಡೆಯೊಳಗೆ ನಡೆಸಿ. ಕಲಿಕೆಗೆ ಗೊರಸು ಮುಳುಗುವಷ್ಟು, 15 ರಿಂದ 20 ಸೆಂಟಿಮೀಟರ್ ನೀರು ಸಾಕು. ಉಳಿದ ಕುದುರೆಗಳು ಕ್ಯಾಂಟರ್ ಮಾಡುವಾಗ ನಿಮ್ಮದು ವಾಕ್‌ನಲ್ಲೇ ಇರಲಿ. ನಿಂತಲ್ಲಿ ನಿಲ್ಲಿಸಿ ಹಿಡಿಯಬೇಡಿ. ಓಡಬೇಕೆಂದಿರುವ ಕುದುರೆಗೆ ನಿಲ್ಲುವುದು ಎಲ್ಲಕ್ಕಿಂತ ಕಷ್ಟ, ದೊಡ್ಡ ವೃತ್ತದಲ್ಲಿ ನಡೆಯುವುದು ಸುಲಭ.

ಸ್ಪರ್ಧೆಯ ಸ್ಟಾರ್ಟ್ ಬಾಕ್ಸ್ ಸುಮಾರು 5 ಮೀಟರ್ ಚೌಕದ ಅಂಕಣ. ಮೇಲೆ ಮುಚ್ಚಿಲ್ಲದ, ಮುಂದೆ ತೆರೆದ ಜಾಗವೇ ಆದರೂ ರೇಸಿನ ಗೇಟು ಕಂಡ ಕುದುರೆಗೆ ಹಳೆಯ ನೆನಪೆಲ್ಲ ಅಲ್ಲೇ ಉಕ್ಕುತ್ತದೆ. ನಾಲ್ಕು ಕೋಲು ನೆಟ್ಟು ಅಂಥದೊಂದನ್ನು ಮಾಡಿ. ಪ್ರತಿ ಬಾರಿ ಬಯಲಿಗೆ ಹೋದಾಗ ಹತ್ತು ಸಲ ವಾಕ್‌ನಲ್ಲಿ ಒಳಗೆ, ಒಂದು ಸುತ್ತು, ವಾಕ್‌ನಲ್ಲಿ ಹೊರಗೆ. ಅಲ್ಲಿಂದ ಕ್ಯಾಂಟರ್‌ನಲ್ಲಿ ಹೊರಡುವುದು ಕೆಲವು ವಾರ ಕಳೆದ ಮೇಲೆ, ಅದೂ ಮೂರಕ್ಕೊಮ್ಮೆ.

ತಡೆಗಳ ಮೇಲೆ

ಶುರುವಿಗೆ 40ರಿಂದ 60 ಸೆಂಟಿಮೀಟರ್ ದಿಮ್ಮಿ. ಮನೆ ಅಥವಾ ಲಾರಿ ಇರುವ ದಿಕ್ಕಿಗೆ ಬೆನ್ನು ಮಾಡಿ, ಸಾಧ್ಯವಾದರೆ ಸ್ವಲ್ಪ ಏರಿನಲ್ಲಿ. ಮನೆಯತ್ತ ಇಳಿಜಾರಿನಲ್ಲಿ ಹಾರಿದರೆ ಬಿಸಿಯಿಲ್ಲದ ಕುದುರೆಯೂ ವೇಗ ಪಡೆಯುತ್ತದೆ.

ದಿಮ್ಮಿಯಿಂದ ಏಳೆಂಟು ಕ್ಯಾಂಟರ್ ಹೆಜ್ಜೆಯಷ್ಟು ದೂರದಲ್ಲಿ ಟ್ರಾಟ್‌ನ 20 ಮೀಟರ್ ವೃತ್ತ ಹಾಕಿ. ಕುದುರೆ ದಿಮ್ಮಿಯನ್ನು ನೋಡುತ್ತದೆ, ಎಳೆಯುತ್ತದೆ. ನೀವು ವೃತ್ತ ಬಿಡಬೇಡಿ. ಟ್ರಾಟ್‌ನ ತಾಳ ಬದಲಾಗದೆ ಒಂದು ಪೂರ್ತಿ ಸುತ್ತು ಬಂದಾಗ ಮಾತ್ರ ದಿಮ್ಮಿಯ ಕಡೆಗೆ ನೇರ ಮಾಡಿ. ನೇರವಾದ ಮೇಲೆ ನುಗ್ಗಿದರೆ ಮತ್ತೆ ವೃತ್ತಕ್ಕೆ ತಿರುಗಿ. ಆದರೆ ಕೊನೆಯ ಮೂರು ಹೆಜ್ಜೆಯ ಒಳಗೆ ಎಂದೂ ತಿರುಗಿಸಬೇಡಿ. ಅಲ್ಲಿ ತಿರುಗಿಸಿದರೆ ತಡೆಯ ಪಕ್ಕಕ್ಕೆ ಓಡುವುದನ್ನು ನೀವೇ ಕಲಿಸಿದಂತೆ. ಆ ಮೂರು ಹೆಜ್ಜೆಯಲ್ಲಿ ಕೈ ಸುಮ್ಮನಿರಲಿ, ಕಾಲು ಮೈಗಿರಲಿ, ಕಣ್ಣು ದಿಮ್ಮಿಯಾಚೆಗಿನ ಮರದ ಮೇಲಿರಲಿ.

ಇಳಿದ ಮೇಲೆ ಪಾಠ. ನೇರ ಗೆರೆಯಲ್ಲಿ 15ರಿಂದ 20 ಮೀಟರ್ ಒಳಗೆ ಟ್ರಾಟ್, ವಾಕ್, ನಿಲುಗಡೆ. ಮೊದಲು 30 ಮೀಟರ್ ಆದರೂ ಚಿಂತೆಯಿಲ್ಲ. ಭುಜ ಹಿಂದಕ್ಕೆ ತಂದು, ಹಾಫ್ ಹಾಲ್ಟ್ ಕೊಟ್ಟು ಬಿಡು, ಕೊಟ್ಟು ಬಿಡು. ನಿಂತ ತಕ್ಷಣ ಲಗಾಮು ಸಡಿಲಿಸಿ, ಜೂಲಿನ ಬುಡದಲ್ಲಿ ಕೆರೆಯಿರಿ. ಆ ಜಾಗ ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಮೆಲ್ಲಗೆ ಕೆರೆದು ಸಮಾಧಾನ ಮಾಡಿಕೊಳ್ಳುವ ಜಾಗ. ತಟ್ಟುವುದಕ್ಕಿಂತ ಕೆರೆಯುವುದು ಅವಕ್ಕೆ ಹಿತ. ಅರ್ಧ ನಿಮಿಷ ನಿಂತು ಮತ್ತೆ ವೃತ್ತ. ಇದೇ ದಿಮ್ಮಿಯನ್ನು ನಾಲ್ಕೈದು ಸಲ. ಕೊನೆಯ ಸಲ ಇಳಿದ ಮೇಲೆ ಕುದುರೆಯೇ ನಿಮಗಾಗಿ ಕಿವಿ ಹಿಂದಕ್ಕೆ ಹೊರಳಿಸುವುದು ಕಾಣುತ್ತದೆ. 'ಈಗೇನು?' ಎಂದು ಕೇಳುವ ಆ ಕಿವಿಗಾಗಿಯೇ ಇಷ್ಟೆಲ್ಲ.

ಒಂದು ಎಚ್ಚರಿಕೆ: ಪ್ರತಿ ಸಲವೂ ನಿಲ್ಲಿಸುತ್ತಾ ಹೋದರೆ ಕೆಲವು ಕುದುರೆಗಳು ಗಾಳಿಯಲ್ಲೇ ಕಡಿವಾಣಕ್ಕೆ ಹೆದರಿ ಬೆನ್ನು ಟೊಳ್ಳು ಮಾಡುತ್ತವೆ. ಹಾಗೆ ಕಂಡರೆ ನಿಲ್ಲಿಸುವ ಬದಲು ದೊಡ್ಡ ವೃತ್ತಕ್ಕೆ ತಿರುಗಿ ವೇಗ ತಾನಾಗಿ ಇಳಿಯಲು ಬಿಡಿ.

ದಿಮ್ಮಿ ಸಲೀಸಾದ ಮೇಲೆ ದಿಬ್ಬ. ಏರುವ, ಇಳಿಯುವ ದಿಬ್ಬಗಳು ಬಿಸಿ ಕುದುರೆಗೆ ಒಳ್ಳೆಯ ಗುರುಗಳು: ಏರಲು ಹಿಂಗಾಲು ಹೊಟ್ಟೆಯ ಕೆಳಗೆ ತರಲೇಬೇಕು, ಇಳಿಯಲು ಕಾಲಿಡುವ ಜಾಗ ನೋಡಲೇಬೇಕು. 50 ಸೆಂಟಿಮೀಟರ್ ದಿಬ್ಬವನ್ನು ವಾಕ್‌ನಲ್ಲಿ ಏರಿ, ಮೇಲೆ ನಿಂತು, ವಾಕ್‌ನಲ್ಲಿ ಇಳಿಯಿರಿ. ಇಳಿಯುವಾಗ ಲಗಾಮು ಬೆರಳುಗಳ ನಡುವೆ ಜಾರಲಿ, ಭುಜ ಹಿಂದಿರಲಿ. ಕಂದಕವನ್ನು ಮಾತ್ರ ಆತುರದಲ್ಲಿ ಸೇರಿಸಬೇಡಿ. ನುಗ್ಗುವ ಕುದುರೆ ಕಂದಕವನ್ನು ಕೊನೆಯ ಹೆಜ್ಜೆಯಲ್ಲಿ ಕಂಡು ಒಂದೋ ಗಕ್ಕನೆ ನಿಲ್ಲುತ್ತದೆ, ಇಲ್ಲವೇ ಆಕಾಶಕ್ಕೆ ಹಾರುತ್ತದೆ. ಒಂದು ಅಡಿ ಅಗಲದ ಕಂದಕ, ಹಿರಿಯ ಕುದುರೆ ಮುಂದೆ, ನಿಮ್ಮದು ಮೂರು ಕುದುರೆಯುದ್ದ ಹಿಂದೆ, ವಾಕ್‌ನಲ್ಲಿ.

ಜೋಡಿಸುವಾಗ ಎರಡು ತಡೆ, ಆಮೇಲೆ ವೃತ್ತ. ಮೂರು ತಡೆ, ಆಮೇಲೆ ವಾಕ್. ಒಂದೇ ಸಾಲನ್ನು ಒಂದೇ ಕ್ರಮದಲ್ಲಿ ಎರಡಕ್ಕಿಂತ ಹೆಚ್ಚು ಸಲ ಮಾಡಬೇಡಿ; ಬುದ್ಧಿವಂತ ಕುದುರೆ ಕ್ರಮ ಕಲಿತು ನಿಮಗಿಂತ ಮುಂದಾಗಿಯೇ ಹೊರಟುಬಿಡುತ್ತದೆ. ಎರಡನೆಯ ತಡೆ ಎಂದು ಅದು ಅಂದುಕೊಂಡಲ್ಲಿ ಪಕ್ಕದಿಂದ ಸಾಗಿಹೋಗಿ. ಒಂದು ದಿನಕ್ಕೆ ಒಟ್ಟು 15ರಿಂದ 20 ಜಿಗಿತ, 40 ನಿಮಿಷ, ವಾರಕ್ಕೆ ಒಂದು ಸಲ. ಉಳಿದ ದಿನಗಳಲ್ಲಿ ಎರಡು ದಿನ ಅರೀನಾ, ಒಂದು ದಿನ ಗ್ರಿಡ್, ಎರಡು ದಿನ ಬರೀ ಸುತ್ತಾಟ, ಒಂದು ದಿನ ಬಿಡುವು.

ವೇಗವನ್ನು ಗಡಿಯಾರದಲ್ಲಿ ಅಳೆಯಿರಿ

ಬಿಸಿ ಕುದುರೆಯ ಮೇಲೆ ಕೂತವರಿಗೆ ವೇಗದ ಅಂದಾಜು ಸಿಗುವುದಿಲ್ಲ. ಹೆದರಿದವರಿಗೆ ಎಲ್ಲವೂ ಜೋರು, ಹುರುಪಿನವರಿಗೆ ಎಲ್ಲವೂ ನಿಧಾನ. ಸಮತಟ್ಟಾದ ಕಡೆ 200 ಮೀಟರ್ ಅಳೆದು ಎರಡು ಗೂಟ ನೆಡಿ. ಅದನ್ನು 34 ಸೆಕೆಂಡಿನಲ್ಲಿ ದಾಟಿದರೆ ನಿಮಿಷಕ್ಕೆ 350 ಮೀಟರ್, ಅಂದರೆ ಸಾಮಾನ್ಯ ಶೋಜಂಪಿಂಗ್ ವೇಗ. 30 ಸೆಕೆಂಡಿಗೆ 400 ಮೀಟರ್. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ (ಎಫ್‌ಇಐ) ಎರಡು ಸ್ಟಾರ್ ಸ್ಪರ್ಧೆಯ 520 ಮೀಟರ್ ವೇಗಕ್ಕೆ 23 ಸೆಕೆಂಡ್, ಐದು ಸ್ಟಾರ್‌ನ 570ಕ್ಕೆ 21 ಸೆಕೆಂಡ್. ರೇಸಿನಲ್ಲಿ ಇದೇ ಕುದುರೆ 200 ಮೀಟರನ್ನು 12 ಸೆಕೆಂಡಿನ ಆಸುಪಾಸಿನಲ್ಲಿ ಓಡುತ್ತಿತ್ತು. ಆದ್ದರಿಂದ ಥರೋಬ್ರೆಡ್‌ಗೆ ವೇಗ ಕಲಿಸಬೇಕಾದ್ದೇ ಇಲ್ಲ. ಮೊದಲ ಎರಡು ತಿಂಗಳು 30 ಸೆಕೆಂಡಿಗಿಂತ ಬೇಗ ಬರಬೇಡಿ. ಏರು, ತಗ್ಗು, ತಿರುವುಗಳಲ್ಲೂ ಅದೇ 30 ಸೆಕೆಂಡಿನ ತಾಳ ಉಳಿದರೆ ಆಮೇಲೆ 27.

ಕ್ಯಾಂಟರ್‌ನಲ್ಲಿ ಲಗಾಮನ್ನು ಸೇತುವೆ ಮಾಡಿಕೊಳ್ಳಿ: ಬಲಗಡೆಯ ಲಗಾಮಿನ ತುದಿ ಎಡಗೈಯಲ್ಲೂ, ಎಡಗಡೆಯದು ಬಲಗೈಯಲ್ಲೂ ಹಾದು ಕುದುರೆಯ ಕತ್ತಿನ ಮೇಲೆ ಅಡ್ಡ ಕೂರಬೇಕು. ಕುದುರೆ ಎಳೆದಾಗ ಅದು ಎಳೆಯುವುದು ತನ್ನ ಕತ್ತನ್ನೇ, ನಿಮ್ಮ ತೋಳನ್ನಲ್ಲ.

ಕೈಮೀರಿದಾಗ

ಎಷ್ಟೇ ತಯಾರಿ ಇದ್ದರೂ ಒಂದು ದಿನ ಹೊರಟುಬಿಡಬಹುದು. ಆಗ ಬಳಸುವುದು ಪುಲ್ಲಿ ರೇನ್. ಎಡ ಲಗಾಮನ್ನು ಗಿಡ್ಡ ಮಾಡಿ, ಆ ಮುಷ್ಟಿಯನ್ನು ಭುಜದ ಉಬ್ಬಿನ ಮುಂದೆ ಕತ್ತಿಗೆ ಒತ್ತಿ ಜೂಲಿನೊಡನೆ ಗಟ್ಟಿ ಹಿಡಿಯಿರಿ. ಹಿಮ್ಮಡಿ ಕೆಳಗೆ, ಸೊಂಟ ಜೀನಿಗೆ. ಬಲಗೈಯಿಂದ ಮೇಲಕ್ಕೂ ಹಿಂದಕ್ಕೂ ಒಮ್ಮೆ ಬಲವಾಗಿ ಎಳೆದು ಬಿಡಿ, ಮತ್ತೆ ಎಳೆದು ಬಿಡಿ. ಒತ್ತಿದ ಕೈ ಇರುವುದರಿಂದ ತಲೆ ಪಕ್ಕಕ್ಕೆ ತಿರುಗುವುದಿಲ್ಲ, ಕುದುರೆ ನೇರವಾಗಿಯೇ ನಿಧಾನವಾಗುತ್ತದೆ. ಇದನ್ನು ಅರೀನಾದಲ್ಲಿ, ತಣ್ಣನೆಯ ಕುದುರೆಯ ಮೇಲೆ, ವಾಕ್‌ನಲ್ಲೂ ಟ್ರಾಟ್‌ನಲ್ಲೂ ಮೊದಲೇ ರೂಢಿ ಮಾಡಿಕೊಂಡಿರಬೇಕು. ಜಾಗವಿದ್ದರೆ ದೊಡ್ಡ ವೃತ್ತ, ಸುತ್ತು ಬಂದಂತೆ ಸಣ್ಣದಾಗಲಿ. ಜೋರು ಓಟದಲ್ಲಿ ಒಂದೇ ಲಗಾಮನ್ನು ಮೊಣಕಾಲಿನ ಕಡೆಗೆ ಎಳೆದರೆ ಕುದುರೆ ಕಾಲು ಅಡ್ಡವಾಗಿ ಬೀಳಬಹುದು. ಒದ್ದೆ ಎರೆಮಣ್ಣಿನಲ್ಲಂತೂ ಖಂಡಿತ ಬೇಡ. ನಿಲ್ಲಲಿ ಎಂದು ಬೇಲಿಯ ಕಡೆಗೋ ದೊಡ್ಡ ತಡೆಯ ಕಡೆಗೋ ತಿರುಗಿಸಲೂ ಬೇಡಿ, ಅದು ಹಾರಲು ನೋಡುತ್ತದೆ.

ನಿಂತ ಮೇಲೆ ಹೊಡೆಯಬೇಡಿ. ನಿಂತದ್ದಕ್ಕೆ ಏಟು ಬಿತ್ತು ಎಂದೇ ಅದಕ್ಕೆ ತಿಳಿಯುವುದು. ಹತ್ತು ನಿಮಿಷ ವಾಕ್ ಮಾಡಿಸಿ, ಅತಿ ಸಣ್ಣ ದಿಮ್ಮಿಯೊಂದನ್ನು ಟ್ರಾಟ್‌ನಲ್ಲಿ ದಾಟಿ ಅಂದಿನ ಕೆಲಸ ಮುಗಿಸಿ. ಮೂರು ಭೇಟಿಯಲ್ಲಿ ಎರಡು ಸಲ ಹೀಗಾದರೆ ಸವಾರ ಬದಲಾಗಬೇಕು: ಅನುಭವಿ ತರಬೇತುದಾರರೊಬ್ಬರು ಎಂಟು ಹತ್ತು ಪಾಠ ಕೊಡಲಿ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಇದನ್ನು ಸೋಲು ಎಂದುಕೊಳ್ಳಬಾರದು. ಒಂಟಿಯಾಗಿ ಕ್ರಾಸ್‌ಕಂಟ್ರಿಗೆ ಯಾರೂ ಹೋಗಬಾರದು. ನೆಲದ ಮೇಲೆ ಫೋನ್ ಇರುವ ಒಬ್ಬರು, ಹತ್ತಿರದ ಆಸ್ಪತ್ರೆಯ ದಾರಿ ಗೊತ್ತಿರುವ ಒಂದು ವಾಹನ, ಇಷ್ಟಂತೂ ಇರಲೇಬೇಕು.

ಇಳಿದ ಮೇಲೆ

ಹೊಟ್ಟೆಪಟ್ಟಿ ಒಂದು ತೂತು ಸಡಿಲಿಸಿ, ವಾಕ್ ಮಾಡಿಸಿ. ದವಡೆಯ ಕೆಳಗಿನ ನಾಡಿಯನ್ನು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಇರುವ ಬಡಿತ, ಕೆಲಸ ನಿಲ್ಲಿಸಿ 15 ನಿಮಿಷದೊಳಗೆ 60ರ ಹತ್ತಿರ ಬರಬೇಕು. ಉಸಿರಾಟ ಇಳಿದು ಬಡಿತ ಮಾತ್ರ ಇಳಿಯದಿದ್ದರೆ ಅದು ಬರೀ ದಣಿವಲ್ಲ, ಆತಂಕ ಅಥವಾ ನೋವೂ ಇರಬಹುದು. ಮುಂದಿನ ಪಾಠ ಅರ್ಧಕ್ಕಿಳಿಸಿ.

ಬೆವರಿದ ಮೈಗೆ ತಣ್ಣೀರು ಸುರಿಯಬಾರದೆಂಬ ಹಳೆಯ ನಂಬಿಕೆ ಲಾಯಗಳಲ್ಲಿ ಇನ್ನೂ ಇದೆ. ಸುರಿಯಿರಿ, ಇಡೀ ಮೈಗೆ, ನಿಲ್ಲಿಸದೆ. ಮುಂಬಯಿಯ ತೇವಭರಿತ ಗಾಳಿಯಲ್ಲಿ ಬೆವರು ಆರುವುದಿಲ್ಲ, ನೀರೇ ಗತಿ. ಗುದದ ಉಷ್ಣತೆ ಸಾಮಾನ್ಯವಾಗಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. 40 ದಾಟಿದ್ದರೆ ನೆರಳಿನಲ್ಲಿ ನೀರು ಸುರಿಯುತ್ತಲೇ ಪಶುವೈದ್ಯರಿಗೆ ಕರೆ ಮಾಡಿ. ಕುಡಿಯಲು ನೀರು ಕೂಡಲೇ ಕೊಡಬಹುದು. ಸಂಜೆಯ ಮೇವಿಗೆ 30 ಗ್ರಾಂ ಉಪ್ಪು.

ಮರುದಿನ ಬೆಳಿಗ್ಗೆ ಕಾಳು ಹಾಕುವ ಮೊದಲು ನಾಲ್ಕೂ ಕಾಲಿನ ಮೇಲೆ ಕೈಯಾಡಿಸಿ: ಮಂಡಿಯ ಕೆಳಗಿನ ಹಿಂಬದಿಯ ರಜ್ಜು ಎರಡೂ ಕಾಲಿನಲ್ಲಿ ಒಂದೇ ರೀತಿ ತಣ್ಣಗೆ, ಗಟ್ಟಿಯಾಗಿ ಇರಬೇಕು. ಒಂದರಲ್ಲಿ ಬಿಸಿ ಅಥವಾ ಮೆತ್ತನೆಯ ಊತ ಕಂಡರೆ ಅಂದು ಸವಾರಿ ಇಲ್ಲ. ನೆಟ್ಟಗೆ 20 ಮೀಟರ್ ಟ್ರಾಟ್ ಮಾಡಿಸಿ ಕುಂಟು ಇದೆಯೇ ನೋಡಿ, ಪಶುವೈದ್ಯರನ್ನು ಕರೆಯಿರಿ. ಎಲ್ಲ ಸರಿಯಿದ್ದರೆ ಅರ್ಧ ಗಂಟೆ ಉದ್ದ ಲಗಾಮಿನಲ್ಲಿ ವಾಕ್, ಆಮೇಲೆ ಪ್ಯಾಡಕ್. ಹಿಂದಿನ ದಿನ ಎಷ್ಟನೆಯ ತಡೆಯಲ್ಲಿ ಬಿಸಿ ಏರಿತು, ಎಷ್ಟು ಮೀಟರ್‌ನಲ್ಲಿ ನಿಂತಿತು ಎಂಬುದನ್ನು ವಹಿಯಲ್ಲಿ ಬರೆದಿಡಿ. ಏಳನೆಯ ತಡೆಯಲ್ಲಿ ಏರಿದ್ದರೆ ಮುಂದಿನ ವಾರ ಐದಕ್ಕೆ ನಿಲ್ಲಿಸಿ.